ರಾಣಿಗೊಂದು ಗಂಡು ಬೇಕಾಗಿದೆ

ನಮ್ಮ ಮಡಂತ್ಯಾರು ಕಡೆ ಹೆಣ್ಣಿಗೆ ಗಂಡು ಹುಡುಕುವುದೆಂದರೆ ದೊಡ್ಡ ಪಂಚಾಯಿತಿಗೆ. ಮನೆತನ ಹೇಗೆ, ತೋಟ ಎಷ್ಟು ಎಕರೆ, ಹುಡುಗ ದುಬೈಯಲ್ಲೋ ಬೆಂಗಳೂರಲ್ಲೋ, ಕುಡಿಯುತ್ತಾನೋ ಇಲ್ಲವೋ... ಹೀಗೆ ಪಟ್ಟಿ ಉದ್ದ. ಕಳೆದ ವರ್ಷ ನಮ್ಮ ಮಾವನ ಮನೆಯಲ್ಲೂ ಇಂಥದ್ದೇ ಚರ್ಚೆ ಒಂದು ತಿಂಗಳು ನಡೆಯಿತು. ಹುಡುಗಿಗೆ ಮೂರು ವರ್ಷ. ಹೆಸರು ರಾಣಿ. ತವರು ಮುಧೋಳ. ನಾಲ್ಕು ಕಾಲು, ಒಂದು ಬಾಲ :-)

ತಮಾಷೆ ಬಿಟ್ಟು ಹೇಳ್ತೇನೆ. ನಾಯಿ ಸಾಕುವವರು ತುಂಬ ಮಂದಿ ಇದ್ದಾರೆ. ಆದರೆ ಮರಿ ತೆಗೆಯುವ ಮೊದಲು "ಈ ಹೆಣ್ಣಿಗೆ ಈ ಗಂಡೇ ಯಾಕೆ?" ಅಂತ ಕೂತು ಯೋಚಿಸುವವರು ಕಡಿಮೆ. ಮಾವನ ಮನೆಯ ಜಗಲಿಯಲ್ಲಿ ಆ ಒಂದು ತಿಂಗಳು ನಡೆದ ವಾದ, ನಾನು ರಾತ್ರಿ ಕೂತು ಓದಿದ್ದು, ಕೊನೆಗೆ ಆದ ತೀರ್ಮಾನ, ಇಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಾಯಿ ಅಂದ್ರೆ ಆಗದವರು ಇಲ್ಲಿಂದಲೇ ವಾಪಸ್ ಹೋಗಬಹುದು, ಬೇಜಾರಿಲ್ಲ.

ಮೊದಲು ರಾಣಿಯ ಪರಿಚಯ. ಮಾವನ ಗೆಳೆಯರೊಬ್ಬರು ಲಾರಿ ಓಡಿಸುವವರು. ಮಹಾಲಿಂಗಪುರದ ಕಡೆಯಿಂದ ಬೆಲ್ಲ ತುಂಬಿಸಿಕೊಂಡು ಘಟ್ಟ ಇಳಿಯುವಾಗ ಕ್ಯಾಬಿನ್ನಿನಲ್ಲಿ ಒಂದು ಮರಿ ಹಾಕಿಕೊಂಡು ಬಂದರು. ಮುಧೋಳ ನಾಯಿ ನೋಡದವರಿಗೆ ಹೇಳುವುದಾದರೆ: ಉದ್ದ ಮೂತಿ, ಸಣ್ಣ ತಲೆ, ಆಳವಾದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ. ಗಂಡು ನಾಯಿ ಹೆಗಲ ಹತ್ತಿರ ಸುಮಾರು 70 ಸೆಂಟಿಮೀಟರ್ ಎತ್ತರ ಇರ್ತದೆ, ಹೆಣ್ಣು ಸ್ವಲ್ಪ ಕಡಿಮೆ. ಹೊಸಬರು ನೋಡಿದರೆ "ಪಾಪ, ಊಟ ಹಾಕುವುದಿಲ್ವಾ?" ಅಂತ ಕೇಳ್ತಾರೆ. ನಮ್ಮ ಅತ್ತೆಗೆ ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ.

ಮಧ್ಯ ಏಷ್ಯಾ, ಅರೇಬಿಯಾ ಕಡೆಯಿಂದ ವ್ಯಾಪಾರಿಗಳ ಜೊತೆ ಬಂದ ಸಲೂಕಿಯಂಥ ನಾಯಿಗಳೇ ಇವುಗಳ ಮೂಲ ಎನ್ನುತ್ತಾರೆ. ಅದಕ್ಕೇ ಕಾರವಾನ್ ಹೌಂಡ್ ಎಂಬ ಇನ್ನೊಂದು ಹೆಸರೂ ಉಂಟು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಉಳಿಸಿ ಬೆಳೆಸಿದರು, ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಉಡುಗೊರೆ ಕೊಟ್ಟಿದ್ದರು ಅಂತ ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ಭಾರತೀಯ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಒಂದು. 2016ರಲ್ಲಿ ಸೈನ್ಯದವರು ಮೀರತ್‌ಗೆ ಮರಿಗಳನ್ನು ತರಬೇತಿಗೆ ಒಯ್ದರು. 2020ರ ಆಗಸ್ಟಿನ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಹೆಸರು ಹೇಳಿದ ಮೇಲಂತೂ ನಮ್ಮ ಕಡೆಯವರಿಗೂ ಮುಧೋಳ ಅಂದ್ರೆ ಏನೆಂದು ಗೊತ್ತಾಯಿತು.

ಆದರೆ ಇಷ್ಟೆಲ್ಲ ಬಿರುದಿನ ಹಿಂದೆ ಇರುವ ಕೆಲಸ ಒಂದೇ. ಬಯಲಲ್ಲಿ ಮೊಲ ಎದ್ದರೆ ಕಣ್ಣಿನಿಂದ ಹಿಡಿದಿಟ್ಟು, ಓಡಿ ಮುಟ್ಟುವುದು. ಮೂಗಿನ ಕೆಲಸ ಕಡಿಮೆ, ಬೊಗಳುವುದಂತೂ ಇನ್ನೂ ಕಡಿಮೆ. ಘಟಪ್ರಭೆಯ ಸೀಮೆಯ ಎರೆಹೊಲದಲ್ಲಿ ಜೋಳದ ಕೊಯ್ಲಾದ ಮೇಲೆ ಕಣ್ಣು ಹಾಯಿಸಿದಷ್ಟೂ ಬಯಲು. ಅಲ್ಲಿ ಈ ದೇಹಕ್ಕೆ ಅರ್ಥ ಉಂಟು.

ಮಡಂತ್ಯಾರಿನಲ್ಲಿ? ನಮ್ಮಲ್ಲಿ ಬಯಲು ಅಂದರೆ ಶಾಲೆಯ ಮೈದಾನ, ಇಲ್ಲಾಂದ್ರೆ ಗುಡ್ಡದ ನೆತ್ತಿಯ ಪದವು. ಉಳಿದದ್ದೆಲ್ಲ ಅಡಿಕೆ ತೋಟ, ಕೊಕ್ಕೊ, ರಬ್ಬರು, ಕಮ್ಯುನಿಸ್ಟ್ ಗಿಡದ ಪೊದೆ, ಮುಳ್ಳುತಂತಿಯ ಬೇಲಿ. ಪದವಿನಲ್ಲಿ ಓಡೋಣ ಅಂದರೆ ಅಲ್ಲಲ್ಲಿ ಕೆಂಪುಕಲ್ಲಿನ ಕೋರೆ, ಬಾಯಿ ತೆರೆದುಕೊಂಡು ಕೂತಿರ್ತದೆ. ಇನ್ನೊಂದು ಕಡೆ ಬಂಟ್ವಾಳದಿಂದ ಚಾರ್ಮಾಡಿಗೆ ಹೋಗುವ ಹೆದ್ದಾರಿ. ಮೂವತ್ತು ಹೆಜ್ಜೆ ನೇರ ಓಡಲಿಕ್ಕೆ ಜಾಗ ಇಲ್ಲ. ಮಳೆಯ ಕತೆ ಬೇರೆ. ಮುಧೋಳದಲ್ಲಿ ಇಡೀ ವರ್ಷಕ್ಕೆ ಬೀಳುವಷ್ಟು ಮಳೆ ನಮ್ಮಲ್ಲಿ ಜುಲೈಯ ಹದಿನೈದು ದಿನದಲ್ಲಿ ಬಿದ್ದು ಹೋಗ್ತದೆ. ರಾಣಿಯ ಮೈಯಲ್ಲಿ ಕೊಬ್ಬೂ ಇಲ್ಲ, ಕೂದಲೂ ಇಲ್ಲ. ಮೊದಲನೇ ಮಳೆಗಾಲದಲ್ಲಿ ನಡುಗುತ್ತಾ ಒಲೆಯ ಪಕ್ಕ ಮಲಗಿದವಳಿಗೆ ಅತ್ತೆ ಮಾವನ ಹಳೇ ಸ್ವೆಟರ್ ಕತ್ತರಿಸಿ ಅಂಗಿ ಹೊಲಿದು ಹಾಕಿದರು. ಎರಡನೇ ವರ್ಷ ಒಂದು ಮುಂಗುಸಿಯ ಹಿಂದೆ ಓಡಿ ತಂತಿಬೇಲಿಗೆ ಸಿಕ್ಕಿ ಪಕ್ಕೆಯ ಚರ್ಮ ಕಾಗದ ಹರಿದ ಹಾಗೆ ಹರಿಯಿತು. ಹದಿನಾಲ್ಕು ಹೊಲಿಗೆ. ಊರ ನಾಯಿಗಾದರೆ ಅದೇ ಬೇಲಿಯಲ್ಲಿ ಬರೀ ಗೀರು ಆಗ್ತಿತ್ತು.

ಇಷ್ಟಾದರೂ ಮಾವನಿಗೆ ಅವಳೆಂದರೆ ಪ್ರಾಣ. ಅದಕ್ಕೇ ಫೋನು ಬಂತು. "ಎಂತ ಮಾರಾಯ, ರಾಣಿ ಇನ್ನೊಂದು ತಿಂಗಳಲ್ಲಿ ಹೀಟಿಗೆ ಬರ್ತಾಳೆ. ಈ ಸಲ ಮರಿ ತೆಗೆಯುವ ಅಂತ ಉಂಟು. ಮೂರು ಗಂಡು ಬಂದಿದೆ. ನಿನ್ನ ಕಂಪ್ಯೂಟರು ಎಂತ ಹೇಳ್ತದೆ ನೋಡು."

ಕಂಪ್ಯೂಟರು ಹೇಳಿದ್ದಕ್ಕಿಂತ ಮೊದಲು ಆ ಮೂರು ಸಂಬಂಧ ಯಾವುದೆಂದು ಹೇಳ್ತೇನೆ.

ಒಂದು, ಘಟ್ಟದ ಮೇಲಿನವರೊಬ್ಬರ ಗಂಡು. ಗ್ರೇಹೌಂಡ್ ಬೆರಕೆ, ಓಟದ ಪಂದ್ಯದಲ್ಲಿ ಗೆದ್ದದ್ದು. ಗಂಡಿನ ಖರ್ಚು ಏನೂ ಬೇಡ, ಎರಡು ಮರಿ ಕೊಟ್ಟರೆ ಸಾಕು, ಉಳಿದ ಮರಿಗಳನ್ನು ಒಂದಕ್ಕೆ ಹನ್ನೆರಡು ಸಾವಿರದಂತೆ ನಾನೇ ಮಾರಿಸಿ ಕೊಡ್ತೇನೆ ಅಂತ ಅವರ ಮಾತು. ಯಾರಿಗೆ ಅಂತ ಕೇಳಿದರೆ "ಮೊಲಕ್ಕೆ ಬಿಡುವವರಿಗೆ".

ಎರಡು, ಶುದ್ಧ ಮುಧೋಳ ಗಂಡು. ಕಾಗದ ಪತ್ರ ಎಲ್ಲ ಇರುವುದು. ಸ್ವಲ್ಪ ದೂರ, ಕರೆದುಕೊಂಡು ಹೋಗಬೇಕು.

ಮೂರು, ಪಕ್ಕದ ಮನೆಯ ಬೊಳ್ಳು. ಬಿಳಿ ಮೈ, ಒಂದು ಕಿವಿ ಅರ್ಧ ತುಂಡು. ಅಪ್ಪ ಯಾರೋ ಅಮ್ಮ ಯಾರೋ. ಅಪ್ಪಟ ಊರ ನಾಯಿ.

ನಾನು ಓದಲು ಕೂತಾಗ ಮೊದಲು ಸಿಕ್ಕಿದ ಪದ "ಲರ್ಚರ್". ಇದು ಇಂಗ್ಲೆಂಡ್, ಐರ್ಲೆಂಡ್ ಕಡೆಯ ಬೇಟೆ ನಾಯಿ. ಆದರೆ ತಳಿಯ ಹೆಸರಲ್ಲ, ಒಂದು ಉಪಾಯದ ಹೆಸರು. ಗ್ರೇಹೌಂಡ್ ಅಥವಾ ವಿಪ್ಪೆಟ್‌ನಂಥ ಓಟದ ನಾಯಿಗೆ ಕೆಲಸದ ನಾಯಿಯೊಂದನ್ನು ಕೂಡಿಸಿದರೆ ಲರ್ಚರ್. ಗ್ರೇಹೌಂಡು ಗಂಟೆಗೆ ಎಪ್ಪತ್ತು ಕಿಲೋಮೀಟರ್ ತನಕ ಓಡಬಲ್ಲದು. ಆದರೆ ಅರ್ಧ ನಿಮಿಷದ ಆಟ ಅದು. ಚರ್ಮ ತೆಳು, ಚಳಿ ತಡೆಯುವುದಿಲ್ಲ, ಹೇಳಿದ ಮಾತು ಕೇಳುವುದೂ ಅಷ್ಟಕ್ಕಷ್ಟೇ. ಅದಕ್ಕೇ ಕುರಿ ಕಾಯುವ ಕೋಲಿ ನಾಯಿಯನ್ನು ಕೂಡಿಸಿ ಬುದ್ಧಿ, ಬಾಳಿಕೆ ತಂದುಕೊಳ್ಳುವುದು. ಪೊದೆಗೆ ನುಗ್ಗುವ ಎದೆಗಾರಿಕೆ, ಒರಟು ಕೂದಲು ಬೇಕೆಂದರೆ ಬೆಡ್ಲಿಂಗ್ಟನ್‌ನಂಥ ಟೆರಿಯರ್ ಕೂಡಿಸುವುದು.

ಇದರಲ್ಲಿ ನನಗೆ ಸ್ವಾರಸ್ಯ ಅನ್ನಿಸಿದ್ದು ಏನೆಂದರೆ, ಅಲ್ಲಿಯವರು ಯಾವ ಬೆರಕೆ ಒಳ್ಳೆಯದು ಅಂತ ಸುಮ್ಮನೆ ಕೇಳುವುದಿಲ್ಲ. ಯಾವ ಪ್ರಾಣಿಗೆ, ಯಾವ ನೆಲದಲ್ಲಿ, ಹಗಲೋ ರಾತ್ರಿಯೋ ಅಂತ ಕೇಳ್ತಾರೆ. ನಾವು ಕನ್ನಡದಲ್ಲಿ ಎರಡಕ್ಕೂ ಮೊಲ ಅಂತಲೇ ಹೇಳಿದರೂ ಅವರ ರ್‍ಯಾಬಿಟ್ ಬೇರೆ, ಹೇರ್ ಬೇರೆ. ರ್‍ಯಾಬಿಟ್ ಬಿಲ ತೋಡಿ ಗುಂಪಿನಲ್ಲಿ ಇರುವುದು. ಅದರ ಮರಿಗಳು ಕಣ್ಣು ಮುಚ್ಚಿಕೊಂಡು, ಕೂದಲಿಲ್ಲದೆ ಬಿಲದೊಳಗೆ ಹುಟ್ಟುತ್ತವೆ. ಅಪಾಯ ಕಂಡರೆ ಬಿಲಕ್ಕೆ ನುಗ್ಗುತ್ತದೆ, ಹಾಗಾಗಿ ಅದನ್ನು ಹಿಡಿಯುವ ನಾಯಿಗೆ ಬೇಕಾದ್ದು ಮೊದಲ ಹತ್ತಿಪ್ಪತ್ತು ಗಜದ ಚುರುಕು, ಸಣ್ಣ ದೇಹ, ತಟ್ಟನೆ ತಿರುಗುವ ಶಕ್ತಿ. ಹೇರ್ ಬಿಲ ತೋಡುವುದಿಲ್ಲ. ಹುಲ್ಲಿನಲ್ಲಿ ಅವಿತು ಕೂತಿದ್ದು, ಎದ್ದರೆ ಬಯಲಲ್ಲೇ ಓಡಿ ತಿರುಗಿ ತಿರುಗಿ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ದೊಡ್ಡ ನಾಯಿ, ದೊಡ್ಡ ಉಸಿರು ಬೇಕು. ಅದಕ್ಕೇ ಅಲ್ಲಿ ರ್‍ಯಾಬಿಟ್ಟಿಗೆ ವಿಪ್ಪೆಟ್ ಜೊತೆ ಟೆರಿಯರ್; ಹೇರ್‌ಗೆ ಕೋಲಿ ಬೆರಕೆಯನ್ನು ಮತ್ತೆ ಗ್ರೇಹೌಂಡಿಗೇ ಕೂಡಿಸಿ ಮುಕ್ಕಾಲು ಗ್ರೇಹೌಂಡ್.

ನಮ್ಮ ದೇಶದ ಕಾಡಿನಲ್ಲಿ ಆ ಬಿಲದ ರ್‍ಯಾಬಿಟ್ ಇಲ್ಲವೇ ಇಲ್ಲ. ಪಂಜರದಲ್ಲಿ ಸಾಕುವ ಬಿಳಿ ಮೊಲ ಅದರ ವಂಶದ್ದು. ನಮ್ಮ ಪದವಿನಲ್ಲಿ, ರಬ್ಬರು ತೋಟದ ಅಂಚಿನಲ್ಲಿ ಸಂಜೆ ಕಾಣುವುದು ಕತ್ತಿನ ಹಿಂದೆ ಕಪ್ಪು ಮಚ್ಚೆ ಇರುವ ಹೇರ್. ಮುಧೋಳ ನಾಯಿಯ ದೇಹ ಶತಮಾನಗಳಿಂದ ಕಡೆದು ಕಡೆದು ಆದದ್ದು ಇದೇ ಜಾತಿಯ ಮೊಲದ ಹಿಂದೆ ಓಡಿ.

ಹಾಗಾದರೆ ಮೊದಲನೇ ಸಂಬಂಧ, ಅಂದರೆ ಗ್ರೇಹೌಂಡ್ ಬೆರಕೆ ಗಂಡು, ಲೆಕ್ಕ ಪ್ರಕಾರ ಸರಿಯಲ್ವಾ? ಓಟಕ್ಕೆ ಓಟ.

ಅಲ್ಲ. ಎರಡು ಕಾರಣ.

ಮೊದಲನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನುವ ಪದಕ್ಕೆ ಅರ್ಥ ಕೊಟ್ಟಿರುವ ಭಾಗ ಓದಿ ನೋಡಿ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಳು ಹಾಕುವುದು, ಅಟ್ಟುವುದು ಎಲ್ಲ ಸೇರ್ತದೆ. ಹಾಗೆ ಮಾಡಲು ಪ್ರಯತ್ನಪಟ್ಟರೂ ಬೇಟೆಯೇ. ಇಂಗ್ಲಿಷಿನಲ್ಲಿ ಕೋರ್ಸಿಂಗ್ ಅಂತ ಪದವನ್ನೇ ಹಾಕಿದ್ದಾರೆ, ಅಂದರೆ ನಾಯಿ ಬಿಟ್ಟು ಕಣ್ಣಳತೆಯಲ್ಲಿ ಓಡಿಸಿ ಹಿಡಿಸುವುದು. ಮೊಲ ಕೈಗೆ ಸಿಗದಿದ್ದರೂ ಅಪರಾಧವೇ. ಇಂಗ್ಲೆಂಡಿನಲ್ಲೂ 2004ರ ಕಾಯ್ದೆ ಬಂದು 2005ರ ಫೆಬ್ರವರಿಯಿಂದ ನಾಯಿ ಬಿಟ್ಟು ಹೇರ್ ಬೇಟೆ ನಿಂತಿತು. ಆದರೆ ಅಲ್ಲಿ ಜಮೀನಿನ ಯಜಮಾನರ ಒಪ್ಪಿಗೆ ಇದ್ದರೆ ರ್‍ಯಾಬಿಟ್ ಹಿಡಿಸಬಹುದು, ಹಾಗಾಗಿ ಅವರ ಲರ್ಚರ್‌ಗೆ ಇನ್ನೂ ಕಾನೂನುಬದ್ಧ ಕೆಲಸ ಉಂಟು. ನಮ್ಮಲ್ಲಿ ಆ ಬಾಗಿಲೂ ಇಲ್ಲ. ಮೊಲಕ್ಕೆ ಬಿಡುವವರಿಗೆಂದೇ ಮರಿ ಮಾಡಿ ಮಾರುವುದು ಅಂದರೆ ಏನು ಮಾಡಿದ ಹಾಗಾಯಿತು, ನೀವೇ ಹೇಳಿ.

ಮಾವ ಸುಮ್ಮನೆ ಒಪ್ಪಲಿಲ್ಲ. "ನಮ್ಮ ಅಜ್ಜನ ಕಾಲದಲ್ಲಿ ಕೆಡ್ಡಸಕ್ಕೆ ಬೋಂಟೆಗೆ ಹೋಗ್ತಾ ಇರ್ಲಿಲ್ವಾ? ಆವಾಗ ಮೊಲ ಮುಗಿದು ಹೋಯ್ತಾ?" ಅಂದರು. ಮಾತು ಸುಳ್ಳಲ್ಲ. ತುಳುನಾಡಿನಲ್ಲಿ ಕೆಡ್ಡಸದ ಹೊತ್ತಿಗೆ ಊರೆಲ್ಲ ಸೇರಿ ಬೋಂಟೆಗೆ ಹೋಗುವ ಕ್ರಮ ಇತ್ತು. ಆದರೆ ಆವಾಗ ಗುಡ್ಡ ಇತ್ತು. ಈಗ ಆ ಗುಡ್ಡಕ್ಕೆ ರಬ್ಬರು ಹಾಕಿದವರು ನಾವೇ. ಉಳಿದ ನಾಲ್ಕು ಮೊಲದ ಹಿಂದೆ ಹನ್ನೆರಡು ಸಾವಿರದ ನಾಯಿ ಬಿಡುವುದು ಬೋಂಟೆ ಆಗುವುದಿಲ್ಲ. ಇದನ್ನು ಹೇಳಿದ್ದು ನಾನಲ್ಲ, ಅತ್ತೆ. ಅಡಿಕೆ ಸುಲಿಯುತ್ತಾ ಕೂತಲ್ಲಿಂದಲೇ.

ಎರಡನೇ ಕಾರಣ ಸ್ವಲ್ಪ ತಾಂತ್ರಿಕ. ವೇಗಕ್ಕೆ ವೇಗ ಕೂಡಿಸಿದರೆ ಎರಡು ಪಟ್ಟು ವೇಗ ಬರ್ತದೆ ಅಂತ ನಮಗೆಲ್ಲ ಒಂದು ನಂಬಿಕೆ. 2007ರಲ್ಲಿ ವಿಪ್ಪೆಟ್ ನಾಯಿಗಳ ಮೇಲೆ ನಡೆದ ಒಂದು ಅಧ್ಯಯನ ಇದಕ್ಕೆ ಚೆನ್ನಾಗಿ ಉತ್ತರ ಕೊಡ್ತದೆ. ಮಾಂಸಖಂಡ ಎಷ್ಟು ಬೆಳೆಯಬೇಕು ಎಂದು ತಡೆ ಹಾಕುವ ಮಯೋಸ್ಟಾಟಿನ್ ಎಂಬ ಜೀನ್ ಉಂಟು. ಕೆಲವು ವಿಪ್ಪೆಟ್‌ಗಳಲ್ಲಿ ಇದು ಕೆಟ್ಟಿರುತ್ತದೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಕೆಟ್ಟ ಪ್ರತಿ ಬಂದರೆ ಆ ನಾಯಿಗೆ ಮಾಂಸ ಸ್ವಲ್ಪ ಹೆಚ್ಚು, ಓಟದಲ್ಲಿ ಮುಂದೆ. ಇಬ್ಬರಿಂದಲೂ ಬಂದರೆ? ಕುಸ್ತಿ ಪೈಲ್ವಾನನ ಹಾಗೆ ಉಬ್ಬಿಕೊಂಡ, ವಿಪ್ಪೆಟ್ ಅಂತ ಗುರುತೇ ಸಿಗದ ನಾಯಿ. ಒಂದೊಂದು ಪ್ರತಿ ಇರುವ ಎರಡು ವೇಗದ ನಾಯಿಗಳನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ಹೀಗೆ ಹುಟ್ಟುವ ಸಾಧ್ಯತೆ. ಮುಧೋಳದಲ್ಲಿ ಹೀಗೇ ಆಗ್ತದೆ ಅಂತ ಹೇಳ್ತಾ ಇಲ್ಲ. ಒಳ್ಳೆಯದಕ್ಕೆ ಒಳ್ಳೆಯದು ಸೇರಿದರೆ ಇನ್ನೂ ಒಳ್ಳೆಯದು ಎನ್ನುವ ಕೂಡಿಸುವ ಲೆಕ್ಕ ರಕ್ತದಲ್ಲಿ ನಡೆಯುವುದಿಲ್ಲ ಅಂತ ಅಷ್ಟೇ. ರಾಣಿಗೆ ಈಗಲೇ ವೇಗ ಹೆಚ್ಚಾಗಿ ಬೇಲಿಗೆ ಸಿಕ್ಕಿದ್ದು. ಅವಳ ಮಕ್ಕಳಿಗೆ ಇನ್ನಷ್ಟು ವೇಗ ಕೊಟ್ಟು, ಇನ್ನಷ್ಟು ತೆಳು ಚರ್ಮ ಕೊಟ್ಟು ಏನು ಮಾಡುವುದು?

ಮೊದಲನೇ ಗಂಡು ಹೋಯಿತು.

ಎರಡನೆಯದು, ಶುದ್ಧ ಮುಧೋಳ. ಇದನ್ನು ತೆಗೆದುಹಾಕುವುದು ಸುಲಭ ಇರಲಿಲ್ಲ, ನನಗೂ ಮನಸ್ಸಿತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಉಂಟು. ತಳಿಯ ಶುದ್ಧತೆ ಉಳಿಸುವುದು, ಅಲ್ಲಿಯ ಬಡ ಕುಟುಂಬಗಳಿಗೆ ನಾಯಿಸಾಕಣೆಯಿಂದ ಆದಾಯ ಆಗುವ ಹಾಗೆ ಮಾಡುವುದು ಅದರ ಕೆಲಸ. ಎಲ್ಲರೂ ಮನಸ್ಸಿಗೆ ಬಂದಂತೆ ಬೆರಕೆ ಮಾಡಿದರೆ ಇನ್ನು ಐವತ್ತು ವರ್ಷಕ್ಕೆ ಮುಧೋಳ ಅಂಚೆಚೀಟಿಯಲ್ಲಿ ಮಾತ್ರ ಉಳಿಯುತ್ತದೆ. ಈ ಮಾತು ನೂರಕ್ಕೆ ನೂರು ನಿಜ.

ಆದರೆ ತಳಿ ಉಳಿಸಬೇಕಾದ್ದು ಎಲ್ಲಿ? ರಾಣಿಗೆ ವಂಶಾವಳಿಯ ಕಾಗದ ಇಲ್ಲ, ಲಾರಿಯಲ್ಲಿ ಬಂದವಳು. ಅವಳ ಮರಿಗಳನ್ನು ಯಾವ ಕೇಂದ್ರದ ಲೆಕ್ಕಕ್ಕೂ ಸೇರಿಸಿಕೊಳ್ಳಲಾಗುವುದಿಲ್ಲ. ಏಳೆಂಟು ಶುದ್ಧ ಮುಧೋಳ ಮರಿಗಳು ಮಡಂತ್ಯಾರಿನಲ್ಲಿ, ಪುಂಜಾಲಕಟ್ಟೆಯಲ್ಲಿ, ಗುರುವಾಯನಕೆರೆಯಲ್ಲಿ ಸರಪಳಿಗೆ ಕಟ್ಟಿಸಿಕೊಂಡು ಮಳೆಯಲ್ಲಿ ನಡುಗುತ್ತಾ ಬದುಕಿದರೆ ತಳಿ ಉಳಿಯಿತು ಅಂತ ಹೇಳಲಿಕ್ಕಾಗ್ತದಾ? ಓಡಲು ಬಯಲಿಲ್ಲದ ಊರಿನಲ್ಲಿ ಓಟದ ನಾಯಿಯನ್ನು ಹೆಚ್ಚು ಮಾಡುವುದು ಆ ನಾಯಿಗೆ ಮಾಡುವ ಉಪಕಾರ ಅಲ್ಲ. ತಳಿಯ ಮೇಲೆ ಪ್ರೀತಿ ಇದ್ದವರು ಮುಧೋಳಕ್ಕೇ ಹೋಗಿ ಅಲ್ಲಿಯವರಿಂದ ತರಲಿ, ಅವರಿಗೆ ನಾಲ್ಕು ಕಾಸಾದರೂ ಸಿಗ್ತದೆ.

ಉಳಿದದ್ದು ಬೊಳ್ಳು.

ಬೊಳ್ಳುವಿನ ಬಯೋಡಾಟ ಹೇಳ್ತೇನೆ ಕೇಳಿ. ವಯಸ್ಸು ಆರು. ಕೆಲಸ, ತೋಟದಿಂದ ಮಂಗ ಓಡಿಸುವುದು. ನಮ್ಮ ಕಡೆಯ ಕೃಷಿಕರಿಗೆ ಈಗ ಮಂಗನ ಕಾಟ ಎಷ್ಟೆಂದು ಇಲ್ಲಿ ಬರೆದು ಮುಗಿಯುವುದಿಲ್ಲ. ಬೊಂಡ, ಬಾಳೆ, ಕೊಕ್ಕೊ ಯಾವುದನ್ನೂ ಬಿಡುವುದಿಲ್ಲ. ಬೊಳ್ಳು ಮರದ ಬುಡದಲ್ಲಿ ನಿಂತು ಬೊಗಳಿದರೆ ಗುಂಪಿಗೆ ಗುಂಪೇ ಪಕ್ಕದ ಗುಡ್ಡಕ್ಕೆ. ಗಡವ ಮಂಗ ಎದುರು ಬಂದರೆ ಎಷ್ಟು ದೂರದಲ್ಲಿ ನಿಲ್ಲಬೇಕು ಅಂತ ಗೊತ್ತು (ಅರ್ಧ ಕಿವಿ ಕೊಟ್ಟು ಕಲಿತದ್ದು). ಆರು ಮಳೆಗಾಲ ಕಳೆದಿದ್ದಾನೆ. ಉಣ್ಣಿ ಜ್ವರ ಬಂದು ಎದ್ದಿದ್ದಾನೆ. ಕೋಳಿ ಮುಟ್ಟುವುದಿಲ್ಲ, ದನದ ಹಟ್ಟಿಯಲ್ಲಿ ಮಲಗುತ್ತಾನೆ. ಒಂದೇ ಕೊರತೆ ಅಂದರೆ ನಿಧಾನ. ತೋಟದ ಒಂದು ಮೂಲೆಯಲ್ಲಿ ಓಡಿಸಿದರೆ ಮಂಗಗಳು ಇವನು ತಲುಪುವ ಮೊದಲು ಇನ್ನೊಂದು ಮೂಲೆಯಲ್ಲಿ ಇಳಿದಿರುತ್ತವೆ.

ಇಲ್ಲಿ ನಮ್ಮ ವಾದಕ್ಕೆ ಒಂದು ತಿರುವು ಬಂತು. ಅಲ್ಲಿಯವರೆಗೆ ಮಾವ ಕೇಳುತ್ತಿದ್ದದ್ದು ಯಾವ ಗಂಡು ಅಂತ. ಅತ್ತೆ ಕೇಳಿದ್ದು, "ಮರಿಗೆ ಕೆಲಸ ಎಂತ? ಅದನ್ನು ಮೊದಲು ಹೇಳಿ." ಕೆಲಸ ಏನೆಂದು ಬರೆದರೆ ಉತ್ತರ ತಾನಾಗಿ ಬರ್ತದೆ. ಸಾಫ್ಟ್‌ವೇರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೂ ನಾಯಿಯ ವಿಷಯಕ್ಕೆ ಬಂದಾಗ ನಾವೆಲ್ಲ ಮೊದಲು ಚಂದ ನೋಡ್ತೇವೆ.

ಕೂತು ಬರೆದೆವು. ಕಾಡುಹಂದಿ? ಬೇಡ, ಅದಕ್ಕೆ ಸೋಲಾರ್ ಬೇಲಿ ಉಂಟು. ರಾಣಿಯ ಚರ್ಮಕ್ಕೆ ಹಂದಿಯ ಕೋರೆ ತಾಗಿದರೆ ಹೊಲಿಯಲು ಏನೂ ಉಳಿಯುವುದಿಲ್ಲ. ರಾತ್ರಿ ಕಾವಲು? ಬೇಡ, ಚಿರತೆ ನಾಯಿ ಹೊತ್ತೊಯ್ದದ್ದು ನಮ್ಮಲ್ಲೂ ಆಗಿದೆ. ರಾತ್ರಿ ನಾಯಿ ಗೂಡಿನೊಳಗೆ. ಉಳಿದ ಕೆಲಸ ಒಂದೇ, ಹಗಲು ಮಂಗ. ಅದಕ್ಕೆ ಬೇಕಾದ್ದು: ದೂರದ ಅಲುಗಾಟ ಹಿಡಿಯುವ ಕಣ್ಣು, ತೋಟದ ಈ ತುದಿಯಿಂದ ಆ ತುದಿಗೆ ಬೇಗ ತಲುಪುವ ಕಾಲು, ಜೋರು ಗಂಟಲು, ಮಳೆ ತಡೆಯುವ ಮೈ, ಬೇಲಿ ಕಂಡರೆ ನಿಲ್ಲುವ ಬುದ್ಧಿ. ಮೊದಲ ಎರಡು ರಾಣಿಯಲ್ಲಿ ಉಂಟು, ಉಳಿದ ಮೂರು ಬೊಳ್ಳುವಿನಲ್ಲಿ.

ಹಾಗಂತ ಐದೂ ಗುಣ ಇರುವ ಮರಿ ಹುಟ್ಟುತ್ತದೆ ಅಂತ ಗ್ಯಾರಂಟಿ ಉಂಟಾ? ಇಲ್ಲ. ಬೊಳ್ಳುವಿನ ಗಂಟಲು ಬಾರದೆ ರಾಣಿಯ ಮೌನ, ಬೊಳ್ಳುವಿನ ನಿಧಾನ, ರಾಣಿಯ ಚರ್ಮ, ಈ ಮೂರೂ ಒಂದೇ ಮರಿಯಲ್ಲಿ ಕೂಡಿ ಬಂದರೂ ಬರಬಹುದು. 2022ರಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮೇಲೆ ಮಾಡಿದ ಅಧ್ಯಯನವೊಂದು ಸೈನ್ಸ್ ಪತ್ರಿಕೆಯಲ್ಲಿ ಬಂತು. ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಶೇಕಡಾ 9ರಷ್ಟು ಮಾತ್ರ ಅಂತ ಅದರ ಸಾರ. ಎತ್ತರ, ಕೂದಲು, ಮೂತಿ ಇವೆಲ್ಲ ತಳಿಯ ಜೊತೆ ಬರ್ತವೆ. ಸ್ವಭಾವಕ್ಕೆ ತಳಿಯ ಹೆಸರು ನೋಡಿದರೆ ಸಾಲದು, ಆ ನಾಯಿಯನ್ನೇ ನೋಡಬೇಕು. ಇಂಗ್ಲೆಂಡಿನ ಹಳೆಯ ಲರ್ಚರ್ ಜನ ಕೂಡ ತಂದೆ ತಾಯಿ ಕೆಲಸ ಮಾಡಿದ್ದನ್ನು ಕಣ್ಣಾರೆ ನೋಡದೆ ಕೂಡಿಸಬೇಡಿ ಅಂತಲೇ ಹೇಳೋದು. ಬೊಳ್ಳುವಿನ ಕೆಲಸವನ್ನು ಆರು ವರ್ಷದಿಂದ ನಾವು ಜಗಲಿಯಲ್ಲಿ ಕೂತು ನೋಡಿದ್ದೇವೆ. ಗ್ರೇಹೌಂಡಿನದ್ದು ನೋಡಿದ್ದು ಮೊಬೈಲಿನ ವಿಡಿಯೋದಲ್ಲಿ.

ಒಂದು ತೊಡಕು ಮಾತ್ರ ಉಳಿಯಿತು. ಅರ್ಧ ಮುಧೋಳ ಅಂದ ಮೇಲೆ ಮೊಲ ಕಂಡರೆ ಓಡಿಸದೆ ಇರ್ತದಾ? ಓಡಿಸ್ತದೆ. ಅದಕ್ಕೆ ಉತ್ತರ ರಕ್ತದಲ್ಲಿ ಇಲ್ಲ, ಗಡಿಯಾರದಲ್ಲಿ ಉಂಟು. ಮಂಗ ಬರುವುದು ಹಗಲು. ಮೊಲ ಮೇಯಲು ಏಳುವುದು ಸಂಜೆಯ ಮೇಲೆ. ಕತ್ತಲಾಗುವ ಮೊದಲು ನಾಯಿ ಗೂಡಿಗೆ ಹೋದರೆ ಚಿರತೆಯಿಂದ ನಾಯಿಯೂ ಬಚಾವ್, ನಾಯಿಯಿಂದ ಮೊಲವೂ ಬಚಾವ್.

ಅತ್ತೆ ಇಷ್ಟಕ್ಕೆ ಬಿಡಲಿಲ್ಲ. "ಆರು ಮನೆ ಮೊದಲು ಹೇಳಿ. ಅದರಲ್ಲಿ ಮೂರು ಮನೆಯವರು ಹೆಣ್ಣು ಮರಿ ಆದರೂ ತಕೊಳ್ತೇವೆ ಅಂತ ಹೇಳ್ಬೇಕು. ಇಲ್ಲಾಂದ್ರೆ ಮದುವೆ ಇಲ್ಲ." ಹೆಣ್ಣು ಮರಿಗಳನ್ನು ಗೋಣಿಯಲ್ಲಿ ತುಂಬಿಸಿ ಪೇಟೆ ಬದಿ ಬಿಟ್ಟು ಹೋಗುವುದನ್ನು ನೋಡಿದವರಿಗೆ ಈ ಷರತ್ತು ಯಾಕೆಂದು ಗೊತ್ತಾಗ್ತದೆ. ಮಾವ ಒಂದು ವಾರ ಸ್ಕೂಟರಿನಲ್ಲಿ ಸುತ್ತಿ ಏಳು ಮನೆ ಮಾಡಿದರು. ಹಣದ ಮಾತಿಲ್ಲ, ಆದರೆ ರಾತ್ರಿ ಗೂಡು, ಹುಚ್ಚುನಾಯಿ ಇಂಜೆಕ್ಷನ್, ಸಂತಾನಹರಣ ಈ ಮೂರಕ್ಕೂ ಒಪ್ಪಿದವರಿಗೆ ಮಾತ್ರ.

ಬೊಳ್ಳುವನ್ನು ಡಾಕ್ಟರಿಗೆ ತೋರಿಸಿದ್ದು ಇನ್ನೊಂದು ಮುಖ್ಯ ಸಂಗತಿ. ಬೀದಿ ಸುತ್ತುವ ನಾಯಿಗಳಲ್ಲಿ ಕೂಡುವಾಗ ಒಂದರಿಂದ ಒಂದಕ್ಕೆ ಹರಡುವ ಒಂದು ಬಗೆಯ ಗಡ್ಡೆ ರೋಗ ಉಂಟು. ನಮ್ಮ ದೇಶದಲ್ಲಿ ಅದು ತುಂಬ ಸಾಮಾನ್ಯ. ಊರ ಗಂಡು ಅಂತ ಪರೀಕ್ಷೆ ಮಾಡಿಸದೆ ಬಿಡಬೇಡಿ. ಬೊಳ್ಳುವಿಗೆ ಏನೂ ಇರಲಿಲ್ಲ. ರಾಣಿಯನ್ನು ಮಾತ್ರ ಮೂರು ವಾರ ಬಾಗಿಲು ಹಾಕಿ ಒಳಗೇ ಇಟ್ಟರು. ಯಾಕೆಂದರೆ ನಾಯಿಯಲ್ಲಿ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. ಒಂದು ರಾತ್ರಿ ಹೊರಗೆ ಬಿಟ್ಟರೆ ನಮ್ಮ ಒಂದು ತಿಂಗಳ ಪಂಚಾಯಿತಿಗೆಯೆಲ್ಲ ನೀರುಪಾಲು. ಹೆಣ್ಣು ದೊಡ್ಡದು, ಗಂಡು ಸಣ್ಣದು ಆದ ಕಾರಣ ಹೆರಿಗೆಯ ಭಯ ಇರಲಿಲ್ಲ. ಅರವತ್ತಮೂರನೇ ದಿನ ಏಳು ಮರಿ. ಒಂದು ಮೂರನೇ ದಿನ ತೀರಿಕೊಂಡಿತು. ಉಳಿದವು ನಾಲ್ಕು ಗಂಡು, ಎರಡು ಹೆಣ್ಣು. ಎಂಟು ವಾರ ತಾಯಿಯ ಜೊತೆ ಇದ್ದು ಹೋದವು.

ಈಗ ಅವಕ್ಕೆ ಎಂಟು ತಿಂಗಳು. ಪೂರ್ತಿ ಫಲಿತಾಂಶ ಹೇಳುವ ಪ್ರಾಯ ಅಲ್ಲ, ಆದರೂ ಕೇಳ್ತೀರಿ ಅಂತ ಗೊತ್ತು. ಮೂರು ಮರಿ ಮಂಗನ ಕೆಲಸ ಹಿಡಿದಿವೆ, ಅದರಲ್ಲೂ ಒಂದು ಹೆಣ್ಣು ಬೊಳ್ಳುವಿಗಿಂತ ಮೊದಲು ನೋಡಿ ಬೊಗಳಿ ತಲುಪುತ್ತದೆ. ಒಂದು ಓಡ್ತದೆ, ಬೊಗಳುವುದಿಲ್ಲ. ಮಂಗಗಳಿಗೆ ಅದರ ಮೇಲೆ ಮರ್ಯಾದೆ ಇಲ್ಲ. ಒಂದು ಬರೀ ಬೊಗಳ್ತದೆ. ಆರನೆಯದ್ದು ಅಮ್ಮನ ಹಾಗೇ ಸಪೂರ, ಮಳೆ ಬಂದರೆ ಒಲೆಬದಿ. ಅದನ್ನು ಏಳನೇ ಮನೆಯವರಿಗೆ ಕೊಡದೆ ಅತ್ತೆಯೇ ಇಟ್ಟುಕೊಂಡಿದ್ದಾರೆ. ಇನ್ನೊಂದು ಸ್ವೆಟರ್ ಹೊಲಿದಾಗಿದೆ.

ಆರರಲ್ಲಿ ಮೂರು ಅಂದರೆ ನನ್ನ ಪ್ರಕಾರ ಒಳ್ಳೆಯ ಲೆಕ್ಕ. ಮಾವನಿಗೆ ಈಗ ಆ ಮೂರರಲ್ಲೇ ಒಂದು ಗಂಡು ಒಂದು ಹೆಣ್ಣು ಕೂಡಿಸಿ "ನಮ್ಮದೇ ಮಡಂತ್ಯಾರು ತಳಿ" ಮಾಡುವ ಆಸೆ. ಆಗುವುದಿಲ್ಲ ಮಾವ ಅಂದೆ. ಒಡಹುಟ್ಟಿದವು ಅನ್ನುವುದು ಒಂದು. ಬೇರೆ ಸೂಲಿನವಾದರೂ, ಮೊದಲ ತಲೆಮಾರಿನಲ್ಲಿ ಪ್ರತಿ ಮರಿಗೂ ಅರ್ಧ ರಾಣಿ, ಅರ್ಧ ಬೊಳ್ಳು ಅಂತಾದರೂ ಇರ್ತದೆ. ಅಂಥ ಎರಡನ್ನು ಕೂಡಿಸಿದರೆ ಮುಂದಿನ ತಲೆಮಾರು ಚೀಟಿ ಎತ್ತಿದ ಹಾಗೆ. ಒಂದು ಪೂರಾ ಅಜ್ಜಿ, ಒಂದು ಪೂರಾ ಅಜ್ಜ, ಮಧ್ಯದಲ್ಲಿ ಎಲ್ಲ ಬಗೆ. ತಳಿ ಅಂತ ನಿಲ್ಲಬೇಕಾದರೆ ಎಷ್ಟೋ ತಲೆಮಾರು, ಎಷ್ಟೋ ನಾಯಿ, ಬೇಡದ ಎಷ್ಟೋ ಮರಿ. ಆ ಬೇಡದ ಮರಿಗಳಿಗೆ ಮನೆ ಯಾರು ಹುಡುಕುವುದು? ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು "ಸ್ಕೂಟರಿಗೆ ಪೆಟ್ರೋಲು ಕೂಡ ಜಾಸ್ತಿ ಆಗಿದೆ" ಅಂದರು.

ಹೋದ ತಿಂಗಳು ರಾಣಿಗೆ ಆಪರೇಷನ್ ಆಯಿತು. ಮುಧೋಳ, ಗ್ರೇಹೌಂಡ್‌ನಂಥ ನಾಯಿ ಇರುವವರು ಇದೊಂದು ನೆನಪಿಡಿ: ಇವುಗಳ ಮೈಯಲ್ಲಿ ಕೊಬ್ಬು ಕಡಿಮೆ ಆದ್ದರಿಂದ ಥಯೋಪೆಂಟೋನ್‌ನಂಥ ಕೆಲವು ಮತ್ತಿನ ಮದ್ದು ಬೇಗ ಇಳಿಯುವುದಿಲ್ಲ. ಡಾಕ್ಟರಿಗೆ ಮೊದಲೇ ನಾಯಿಯ ಜಾತಿ ಹೇಳಿ, ಬೇರೆ ಮದ್ದು ಉಂಟು. ರಾಣಿ ಮರುದಿನವೇ ಗಂಜಿ ಕುಡಿದಳು.

ನಿಮ್ಮ ಊರಿನಲ್ಲಿ ನಾಯಿಗೆ ಏನು ಕೆಲಸ? ಕುರಿ ಕಾಯುವುದೋ, ಹೊಲ ಕಾಯುವುದೋ, ಬರೀ ಗೇಟಿನಲ್ಲಿ ಕೂತು ಪೋಸ್ಟ್‌ಮ್ಯಾನ್‌ಗೆ ಬೊಗಳುವುದೋ? ಬೆರಕೆ ಮಾಡಿ ನೋಡಿದವರು ಇದ್ದರೆ ಮರಿಗಳು ಹೇಗಾದವು ಅಂತ ನಿಮ್ಮ ಬ್ಲಾಗಿನಲ್ಲೂ ಬರೆಯಿರಿ. ಚೆನ್ನಾಗಿ ಆದದ್ದು ಮಾತ್ರ ಅಲ್ಲ, ಒಲೆಬದಿ ಮಲಗಿದವುಗಳ ಲೆಕ್ಕವೂ ಬೇಕು.